ಧೂಪದ ಮರದಡಿ ಎದ್ದ ಬಿಳಿ ಅಣಬೆ: ಹುತ್ತದ್ದೋ, ವಿಷದ್ದೋ?

ಕಾನಂಚು:
ಆಗುಂಬೆ ಕಡೆಯ ಕಾಡು. ಧೂಪದ ಮರದಿಂದ ಎರಡು ಮಾರು ದೂರದಲ್ಲಿ ಬಿಳಿ ಅಣಬೆ ಎದ್ದಿವೆ. ಕೊಡೆ ಸುಮಾರು 8 ಸೆಂ.ಮೀ. ಅಗಲ, ನುಣುಪು. ಅಡಿಯ ಪದರುಗಳೂ ಬಿಳಿ, ದಂಟಿನ ಮೇಲೆ ತೆಳು ಉಂಗುರ. ಕಿತ್ತಾಗ ಬುಡ ಮಣ್ಣಲ್ಲೇ ಉಳೀತು. ಹತ್ತಿರದಲ್ಲಿ ಹುತ್ತ ಇಲ್ಲ, ಆದರೂ ಮನೆಯಲ್ಲಿ ಹುತ್ತದ ಅಣಬೆ ಅಂತಿದ್ದಾರೆ. ಸಾರು ಮಾಡಬಹುದಾ? ಬೆಳ್ಳುಳ್ಳಿ ಹಾಕಿ ಬೇಯಿಸಿ ಕಪ್ಪಾಗುತ್ತಾ ನೋಡಿದರೆ ಸಾಕಾ?

ಶಿಲೀಂಧ್ರಪ್ರಿಯ:
ಬೇಡ, ಒಲೆ ಮೇಲೆ ಇಡಲೇಬೇಡಿ. ಗುರುತು ಹೇಳುವ ಭಾಗವೇ ಮಣ್ಣಲ್ಲಿ ಉಳಿದಿದೆ. ಅಲ್ಲಿ ಇನ್ನೊಂದು ಅಣಬೆ ಇದ್ದರೆ ಎಳೆಯದೆ, ನಾಲ್ಕು ಬೆರಳು ದೂರದಿಂದ ಚಾಕು ಹಾಕಿ ಮಣ್ಣು ಬಿಡಿಸಿ. ಮುಟ್ಟಿದ್ದಕ್ಕೆ ವಿಷವೇರುವುದಿಲ್ಲ, ಆಮೇಲೆ ಕೈ ತೊಳೆದರಾಯಿತು.

ಅಮಾನಿಟಾ ಎಂಬ ಗುಂಪಿನ ಮಾರಕ ಅಣಬೆ ಆಗಿದ್ದರೆ ದಂಟಿನ ಬುಡ ಉಬ್ಬಿ, ಅದರ ಸುತ್ತ ಹರಿದ ಮೊಟ್ಟೆಚಿಪ್ಪಿನಂಥ ಬಿಳಿ ಪೊರೆಯ ಚೀಲ ಇರುತ್ತದೆ. ಹಸಿಮಣ್ಣಿನಲ್ಲಿ ಈ ಪೊರೆ ಪುಡಿಯಾಗಿ ಮಣ್ಣಿಗೇ ಅಂಟಿಕೊಳ್ಳುವುದುಂಟು, ಹಾಗಾಗಿ ಚೀಲ ಕಾಣಲಿಲ್ಲ ಅಂದಮಾತ್ರಕ್ಕೆ ನಿಶ್ಚಿಂತೆ ಬೇಡ. ಹುತ್ತದ ಅಣಬೆಯ ದಂಟು ಹಾಗಲ್ಲ. ಅದು ಬೇರಿನಂತೆ ಸಪೂರವಾಗುತ್ತಾ ಆಳಕ್ಕಿಳಿದು, ಗೆದ್ದಲು ಬೆಳೆಸಿದ ಸ್ಪಂಜಿನಂಥ ಗೂಡಿನಲ್ಲಿ ಕೊನೆಯಾಗುತ್ತದೆ. ಕೊಡೆಯ ನಡುವೆ ಮಣ್ಣು ಸೀಳಿ ಬರಲು ಗಟ್ಟಿ ಮೊನೆಯೂ ಇರುತ್ತದೆ. ಗೂಡು ಪೂರ್ತಿ ನೆಲದೊಳಗೇ ಇರಬಹುದಾದ್ದರಿಂದ ಮೇಲೆ ಹುತ್ತ ಇದೆಯೋ ಇಲ್ಲವೋ ಎಂಬುದು ಸಾಕ್ಷಿಯಲ್ಲ.

ಉಂಗುರ ನೋಡಿಯೂ ತೀರ್ಮಾನಿಸಬೇಡಿ. ಹುತ್ತದ ಅಣಬೆಗಳಲ್ಲೇ ಟರ್ಮಿಟೊಮೈಸಿಸ್ ಹೈಮಿಯೈಗೆ ಉಂಗುರ ಇದೆ. ಅತ್ತ ಅಮಾನಿಟಾದ ಉಂಗುರ ಜೋರು ಮಳೆಗೆ ಕಳಚಿ ಬಿದ್ದಿರಬಹುದು. ನನಗೆ ಅನುಮಾನ ಬಂದದ್ದು ಜಾಗದಿಂದ. ಅಮಾನಿಟಾಗಳಲ್ಲಿ ಹೆಚ್ಚಿನವು ಮರದ ಬೇರಿನ ಜೊತೆ ಕೂಡಿ ಬಾಳುವಂಥವು. ಪಶ್ಚಿಮಘಟ್ಟದಲ್ಲಿ ಧೂಪ, ಬೋಗಿಯಂಥ ಮರಗಳ ಬೇರಿಗೆ ಅಂಥ ನಂಟಿದೆ.

ತುಂಗಾತೀರ:
ಬೀಜಕಣದ ಅಚ್ಚನ್ನೂ ತೆಗೆಯಿರಿ. ಅರಳಿದ ಕೊಡೆಯೇ ಬೇಕು, ಮೊಗ್ಗು ಕಣ ಉದುರಿಸುವುದಿಲ್ಲ. ದಂಟನ್ನು ಪದರಿನ ಮಟ್ಟಕ್ಕೆ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪದರು ಕೆಳಮುಖವಾಗಿ ಇಡಿ. ಕೊಡೆಯ ನೆತ್ತಿಗೆ ಒಂದು ಹನಿ ನೀರು ಬಿಟ್ಟು, ಬಟ್ಟಲು ಕವುಚಿ, ರಾತ್ರಿಯಿಡೀ ಬಿಡಿ. ಅಮಾನಿಟಾದ ಅಚ್ಚು ಬಿಳಿ, ಹುತ್ತದ ಅಣಬೆಯದು ತಿಳಿಗುಲಾಬಿ. ಎಲ್ಲರೂ ಎಡವುವುದು ಇಲ್ಲೇ: ತೆಳ್ಳಗೆ ಬಿದ್ದ ಗುಲಾಬಿ ಅಚ್ಚು ಬಿಳಿಯಂತೆಯೇ ಕಾಣುತ್ತದೆ. ಬ್ಲೇಡಿನಿಂದ ಒಂದೆಡೆ ಕೆರೆದು ರಾಶಿ ಮಾಡಿ, ಹಗಲು ಬೆಳಕಿನಲ್ಲಿ ನೋಡಿ. ಹಸಿರು ಬಂದರೆ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆ. ಹುಲ್ಲುಹಾಸಿನಲ್ಲಿ ದೊಡ್ಡ ಕೊಡೆ ಬಿಚ್ಚುತ್ತದಲ್ಲ, ಅದು. ಎಳೆಯದಿದ್ದಾಗ ಅದರ ಪದರೂ ಬಿಳಿಯೇ.

ಅಚ್ಚು ಗುಲಾಬಿ ಬಂದರೂ ಅದು ಆ ಒಂದು ಅಣಬೆಯ ಸಂಗತಿ. ಅದೇ ಬುಟ್ಟಿಯಲ್ಲಿ ಬುಡವಿಲ್ಲದೆ ಬಂದ ಉಳಿದವನ್ನು ಎಸೆಯಿರಿ.

ಕಾನಂಚು:
ಬೆಳ್ಳುಳ್ಳಿ ವಿಷಯ ಯಾರೂ ಹೇಳಲಿಲ್ಲ. ಇದರಲ್ಲಿ ಒಂದೆರಡನ್ನು ಹುಳ ಕೊರೆದಿತ್ತು, ವಿಷವಾಗಿದ್ದರೆ ತಿನ್ನುತ್ತಿತ್ತಾ?

ಶಿಲೀಂಧ್ರಪ್ರಿಯ:
ತಿನ್ನುತ್ತದೆ. ಅಮಾನಿಟಾವನ್ನು ಬಸವನಹುಳು ಆರಾಮಾಗಿ ಮೇಯುತ್ತದೆ, ಕೆಲವು ಜಾತಿಯ ಹಣ್ಣುನೊಣಗಳ ಮರಿಗಳು ಅದರೊಳಗೇ ಬೆಳೆಯುತ್ತವೆ. ಬೆಳ್ಳುಳ್ಳಿ, ಅರಿಶಿನ, ಬೆಳ್ಳಿ ಚಮಚ ಯಾವುದೂ ಮಾರಕ ಅಮಾನಿಟಾದ ವಿಷವಾದ ಅಮಾಟಾಕ್ಸಿನ್ ಇದ್ದರೆ ಬಣ್ಣ ಬದಲಿಸುವುದಿಲ್ಲ. ಕುಕ್ಕರಿನಲ್ಲಿ ಎಷ್ಟು ಕೂಗಿಸಿದರೂ, ನೀರು ಬಸಿದರೂ, ಒಣಗಿಸಿದರೂ ಆ ವಿಷ ಹೋಗದು.

ಡ್ಯೂಟಿ_ರೂಮ್:
ಯಾರಾದರೂ ಆಗಲೇ ತಿಂದಿದ್ದರೆ ಗಡಿಯಾರ ನೋಡಿ. ಕ್ಲೋರೊಫಿಲಮ್‌ನಲ್ಲಿ ಸಾಮಾನ್ಯವಾಗಿ 1–3 ಗಂಟೆಯೊಳಗೆ ವಾಂತಿ ಭೇದಿ. ಅಮಾಟಾಕ್ಸಿನ್ ಆದರೆ 6–12 ಗಂಟೆ, ಕೆಲವೊಮ್ಮೆ 24 ಗಂಟೆವರೆಗೂ ಏನೂ ಗೊತ್ತಾಗದು. ಆದರೆ ಎರಡೂ ಬಗೆಯ ಅಣಬೆ ಒಂದೇ ಪಾತ್ರೆಯಲ್ಲಿ ಬೆಂದಿದ್ದರೆ ಬೇಗ ವಾಂತಿಯಾಯಿತೆಂದು ಸಮಾಧಾನಪಡುವಂತಿಲ್ಲ. ಎರಡನೇ ದಿನ ಭೇದಿ ನಿಂತು ರೋಗಿ ಎದ್ದು ಕೂರುತ್ತಾನೆ, ಮನೆಯವರು ಡಿಸ್ಚಾರ್ಜ್ ಕೇಳುತ್ತಾರೆ. ಅಷ್ಟರಲ್ಲಿ ಒಳಗೆ ಲಿವರ್ ಜೀವಕೋಶಗಳು ಸಾಯುತ್ತಿರುತ್ತವೆ. ಮೂರನೇ ದಿನದಿಂದ ಕಾಮಾಲೆ, ರಕ್ತಸ್ರಾವ ಶುರುವಾಗಬಹುದು. ಹಾಗಾಗಿ ಲಿವರ್ ಕಿಣ್ವ ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ಪರೀಕ್ಷೆ ಒಂದು ಸಲ ಸರಿ ಬಂದರೆ ಸಾಲದು, ಮತ್ತೆ ಮತ್ತೆ ಮಾಡಿಸಬೇಕು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಲಕ್ಷಣ ಕಾಯದೆ, ಐಸಿಯು ಇರುವ ಆಸ್ಪತ್ರೆಗೆ ಹೊರಡಿ. ಡ್ರಿಪ್, ಸಕ್ರಿಯ ಇದ್ದಿಲು, ಎನ್-ಅಸಿಟೈಲ್‌ಸಿಸ್ಟೀನ್, ಸಿಕ್ಕರೆ ಸಿಲಿಬಿನಿನ್ (ಕೊನೆಯ ಎರಡೂ ಲಿವರ್ ಕಾಯಲು ಕೊಡುವ ಔಷಧಿಗಳು), ಇವೆಲ್ಲ ಬೇಗ ಶುರುವಾದಷ್ಟೂ ಒಳ್ಳೆಯದು. ಲಿವರ್ ಪೂರ್ತಿ ಕೈಕೊಟ್ಟರೆ ಉಳಿಯುವುದು ಕಸಿ ಮಾತ್ರ. ಉಳಿದ ಅಣಬೆಯನ್ನೂ ತರಕಾರಿ ಕಸದಲ್ಲಿರುವ ಸಿಪ್ಪೆ, ಬುಡಗಳನ್ನೂ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಕೊಳೆತುಹೋಗುತ್ತದೆ. ಅದೇ ಊಟ ಮಾಡಿದವರೆಲ್ಲರೂ, ಏನೂ ಆಗದವರೂ, ಜೊತೆಗೇ ಹೋಗಬೇಕು.