ಮರಿಯಮ್ಮ, ಪ್ರತಿಮೆ, ಪಾಪನಿವೇದನೆ: ಗೆಳತಿಗೆ ಏನಂತ ಹೇಳಲಿ?

ನಾನು ಕಥೋಲಿಕಳು. ಪಿಜಿಯಲ್ಲಿ ನನ್ನ ಜೊತೆ ಇರುವವಳು ಪೆಂತೆಕೋಸ್ತ್ ಸಭೆಗೆ, ಅಂದರೆ ಕ್ರೈಸ್ತರದೇ ಇನ್ನೊಂದು ಪಂಗಡಕ್ಕೆ ಹೋಗುತ್ತಾಳೆ. ಒಳ್ಳೆಯ ಹುಡುಗಿ. ಆದರೆ ನಾನು ಜಪಸರ ಹಿಡಿದರೆ ಸಾಕು, ಶುರು ಮಾಡುತ್ತಾಳೆ. "ಮರಿಯಮ್ಮನನ್ನು ಯಾಕೆ ಆರಾಧಿಸುತ್ತೀರಿ? ಪ್ರತಿಮೆಗೆ ಯಾಕೆ ಕೈಮುಗಿಯುತ್ತೀರಿ? ದೇವರಿರುವಾಗ ಫಾದರ್ ಹತ್ತಿರ ಪಾಪ ಹೇಳೋದು ಯಾಕೆ?" ಉತ್ತರ ಹೊಳೆಯದೆ ಸುಮ್ನಾಗುತ್ತೇನೆ. ನಿಮಗೆ ಹೀಗಾದಾಗ ಏನು ಹೇಳಿದಿರಿ?

*ಶಿವಾಜಿನಗರದಿಂದ*

ತಂಗಿ, ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಆಫೀಸಿನ ಗೆಳೆಯನನ್ನು ನಮ್ಮ ಸೇಂಟ್ ಮೇರೀಸ್ ಬೆಸಿಲಿಕಾಕ್ಕೆ ಕರೆದುಕೊಂಡು ಹೋಗಿದ್ದೆ. ಮಾತೆಗೆ ಸೀರೆ ಉಡಿಸಿದ್ದು, ಕಾವಿ ತೊಟ್ಟ ಜನ, ಮೇಣದಬತ್ತಿ ಎಲ್ಲಾ ನೋಡಿ, "ವಿಮೋಚನಕಾಂಡ 20 ಓದಿಲ್ವಾ?" ಅಂದ. ವಿಗ್ರಹ ಮಾಡಿ ಅಡ್ಡಬೀಳಬಾರದು ಅನ್ನುವ ಬೈಬಲಿನ ಆಜ್ಞೆ ಇರುವುದು ಅಲ್ಲೇ. ಕೋಪ ಬಂತು. ಮನೆಗೆ ಬಂದು ಅದೇ ಪುಸ್ತಕವನ್ನು ಮುಂದಕ್ಕೆ ಓದಿದೆ. 25ನೇ ಅಧ್ಯಾಯದಲ್ಲಿ ಮಂಜೂಷಕ್ಕೆ, ಅಂದರೆ ದೇವರ ಆಜ್ಞೆಗಳನ್ನು ಇಡುವ ಪೆಟ್ಟಿಗೆಗೆ, ಚಿನ್ನದ ಎರಡು ಕೆರೂಬಿಗಳನ್ನು (ರೆಕ್ಕೆಯ ದೇವದೂತರನ್ನು) ಮಾಡು ಅಂತ ಮೋಶೆಗೆ ಹೇಳುವವನು ದೇವರೇ. ಮರುಭೂಮಿಯಲ್ಲಿ ಕಂಚಿನ ಸರ್ಪ ಮಾಡಿಸಿದ್ದೂ ಅವನೇ. ಮುಂದೆ ಜನ ಆ ಸರ್ಪಕ್ಕೆ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಒಡೆದು ಹಾಕಿದ. ಈ ಮಾತನ್ನೂ ಗೆಳೆಯನಿಂದ ಮುಚ್ಚಿಡಲಿಲ್ಲ. ಅವನ ಭಯಕ್ಕೆ ಕಾರಣ ಇದೆ. ಆದರೆ ಮೂರ್ತಿ ಇರುವುದೇ ತಪ್ಪಲ್ಲ, ಅದನ್ನೇ ದೇವರು ಅಂದುಕೊಂಡರೆ ತಪ್ಪು. ಆರಾಧನೆ ದೇವರೊಬ್ಬನಿಗೇ, ಪ್ರತಿಮೆಗೆ ಕೊಡುವ ಗೌರವ ಅದು ತೋರಿಸುವ ವ್ಯಕ್ತಿಗೆ ಸಲ್ಲುತ್ತದೆ ಅಂತ 787ರಲ್ಲೇ ಬಿಷಪರು ಸೇರಿದ್ದ ನಿಸೇಯದ ಎರಡನೇ ಮಹಾಸಭೆ ಹೇಳಿದೆ.

ಇನ್ನೊಂದು. ನಾವೇ ಬಾಯಿತಪ್ಪಿ "ಮಾತೆಯ ಪೂಜೆ" ಅನ್ನುತ್ತೇವೆ. ಕೇಳಿದವರು ಮತ್ತೇನು ತಿಳಿಯಬೇಕು? ನಮೋ ಮರಿಯಾ ಜಪದ ಕೊನೆ ಅವಳಿಗೆ ಓದಿ ತೋರಿಸು. ಅಲ್ಲಿ ನಾವು ಕೇಳುವುದು "ನಮಗಾಗಿ ಪ್ರಾರ್ಥಿಸಿರಿ" ಅಂತ ತಾನೇ?

*ಕಾರ್ಕಳದಿಂದ*

"ಮಧ್ಯಸ್ಥ ಒಬ್ಬನೇ, ಯೇಸು" ಅಂತ ಅವಳು ಬೈಬಲಿನಲ್ಲಿ ಪೌಲನ ಪತ್ರ 1 ತಿಮೊಥೇಯ 2:5 ತೋರಿಸುತ್ತಾಳೆ, ನೋಡುತ್ತಿರಿ. ಹೌದು ಅನ್ನಿ, ನಮ್ಮ ವಿಶ್ವಾಸವೂ ಅದೇ. ಆಮೇಲೆ ಅದೇ ಅಧ್ಯಾಯದ ಮೊದಲ ವಚನ ಓದಿಸಿ. ಎಲ್ಲರಿಗೋಸ್ಕರ ಬಿನ್ನಹ ಮಾಡಿ ಅಂತ ಪೌಲನೇ ಕೇಳುತ್ತಾನೆ. ಅವಳೂ ತನ್ನ ಸಭೆಯವರಿಗೆ "ನನಗೋಸ್ಕರ ಪ್ರಾರ್ಥಿಸಿ" ಅನ್ನುತ್ತಾಳೆ ಅಲ್ವಾ?

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸತ್ತವರಿಗಾಗಿ ಪ್ರಾರ್ಥನೆಯ ಮಾತು ಬಂದಾಗ 2 ಮಕ್ಕಬಿಯರು 12 ಅಂದುಬಿಟ್ಟೆ. ಅವರ ಬೈಬಲಿನಲ್ಲಿ ಆ ಪುಸ್ತಕವೇ ಇಲ್ಲ! ನಮ್ಮದರಲ್ಲಿ 73 ಪುಸ್ತಕ, ಅವರದರಲ್ಲಿ 66. ಮಾತು ಅಲ್ಲಿಗೇ ನಿಂತುಹೋಯಿತು. ಇಬ್ಬರ ಬೈಬಲಿನಲ್ಲೂ ಇರುವುದರಿಂದಲೇ ಶುರು ಮಾಡಿ.

*ಮೈಸೂರಿನಿಂದ*

ಪಾಪನಿವೇದನೆಗೆ ಬೈಬಲಿನ ಯೊವಾನ್ನ 20:23 ಸಾಕು. ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವು ಕ್ಷಮಿಸಲ್ಪಡುತ್ತವೆ ಅಂತ ಪುನರುತ್ಥಾನದ ಸಂಜೆ ಯೇಸು ಶಿಷ್ಯರಿಗೆ ಹೇಳಿದ್ದು. ಪಾಪ ಏನೆಂದು ಹೇಳದೆ ಹೋದರೆ, ಯಾವುದನ್ನು ಕ್ಷಮಿಸಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಕ್ಷಮಿಸುವವನು ದೇವರೇ. ಫಾದರ್ ಅವನ ಹೆಸರಿನಲ್ಲಿ ಹೇಳುತ್ತಾರೆ, ಕೇಳಿದ್ದನ್ನು ಯಾರಿಗೂ ಬಾಯಿಬಿಡುವಂತಿಲ್ಲ.

ವಚನಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ನನ್ನ ಸ್ವಂತ ಕಥೆ. ಅಪ್ಪನ ಜೊತೆ ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದೆ. ಪಾಪನಿವೇದನೆ ಮಾಡಿ ಹೊರಗೆ ಬಂದು, ಚರ್ಚಿನ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. ಇದನ್ನು ಹೇಳಿದಾಗ ನನ್ನ ಗೆಳತಿ ಮರುಪ್ರಶ್ನೆ ಹಾಕಲಿಲ್ಲ. "ಅಪ್ಪ ಏನಂದ್ರು?" ಅಂತ ಕೇಳಿದಳು.