ಅಪ್‌ಡೇಟ್: ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಸಂಚು ಕೇಸ್, ಶಿಕ್ಷೆ ಅಮಾನತಾಯ್ತು
ಈ ಕಾಯ್ದೆಯ ಸೆಕ್ಷನ್ 29ರ ಸಂಚಿನಲ್ಲಿ ನಮ್ಮ ಭಾವನಿಗೆ ಹತ್ತು ವರ್ಷ ಶಿಕ್ಷೆ ಆಗಿದೆ, ಮೇಲ್ಮನವಿ ಹೇಗೆ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ. ಹೈಕೋರ್ಟ್ ಶಿಕ್ಷೆ ಅಮಾನತಿನಲ್ಲಿಟ್ಟಿದೆ, ಅಂದ್ರೆ ಮೇಲ್ಮನವಿ ಮುಗಿಯೋವರೆಗೆ ಶಿಕ್ಷೆ ತಡೆದಿದೆ. ಮೇಲ್ಮನವಿ ವಿಚಾರಣೆ ಇನ್ನೂ ಬಾಕಿ.

ಕೆಲಸಕ್ಕೆ ಬಂದಿದ್ದು ಸುಪ್ರೀಂ ಕೋರ್ಟ್‌ನ ತೂಫಾನ್ ಸಿಂಗ್ ತೀರ್ಪು (2020) ಹಿಡಿಯಿರಿ ಎಂದವರ ಸಲಹೆ. ಭಾವನ ಹತ್ತಿರ ಮಾಲು ಸಿಕ್ಕಿರಲಿಲ್ಲ. ಇದ್ದ ಕೊಂಡಿ ಸೆಕ್ಷನ್ 67ರಡಿ ತನಿಖಾಧಿಕಾರಿ ಪಡೆದ ಹೇಳಿಕೆ, ಜೊತೆಗೊಂದು ಕಾಲ್ ಪಟ್ಟಿ. ಆ ತೀರ್ಪಿನ ಪ್ರಕಾರ ಅಂಥ ಹೇಳಿಕೆ ತಪ್ಪೊಪ್ಪಿಗೆಯಾಗಿ ನಿಲ್ಲಲ್ಲ. ಪಟ್ಟಿಯೋ, ಯಾರು ಯಾರಿಗೆ ಫೋನ್ ಮಾಡಿದ್ರು ಅನ್ನುತ್ತೆ, ಏನು ಮಾತಾಡಿದ್ರು ಅಂತಲ್ಲ.

ವಯಸ್ಸಾದ ತಾಯಿ, ಚಿಕ್ಕ ಮಕ್ಕಳು ಅನ್ನೋ ಕಾರಣ ನಡೆಯಲಿಲ್ಲ. ವಾಣಿಜ್ಯ ಪ್ರಮಾಣ (ಕಾನೂನು ಗೊತ್ತುಮಾಡಿದ ದೊಡ್ಡ ಪ್ರಮಾಣ) ಆದ್ರೆ ಜಾಮೀನಿಗೆ ಕಠಿಣ ಷರತ್ತು ಹಾಕೋ ಸೆಕ್ಷನ್ 37 ಅಡ್ಡ ಬರುತ್ತೆ. ಶಿಕ್ಷೆ ಅಮಾನತು ತಡೆಯೋ ಸೆಕ್ಷನ್ 32ಎ ಇದೆ, ಅಮಾನತೇ ಆಗಲ್ಲ ಅಂದಿದ್ದವರು ಸುಪ್ರೀಂ ಕೋರ್ಟ್‌ನ ದಾದು ತೀರ್ಪು (2000) ನೋಡಿ, ಆ ತಡೆ ಕೋರ್ಟ್‌ನ ಅಧಿಕಾರಕ್ಕೆ ಅಡ್ಡಿಯಲ್ಲ ಅಂದಿದೆ.

ಹೊಸದಾಗಿ ಗೊತ್ತಾಗಿದ್ದು: ಹೈಕೋರ್ಟ್‌ಗೆ ಮೇಲ್ಮನವಿ ಹಾಕಲು ಗಡುವು 60 ದಿನ, ತೀರ್ಪಿನ ದೃಢೀಕೃತ ನಕಲು ಸಿಗಲು ಹಿಡಿದ ಸಮಯ ಅದರಲ್ಲಿ ಸೇರಲ್ಲ. ಜೈಲಿನಲ್ಲಿರುವವರಿಗೆ ಕಾನೂನು ಸೇವಾ ಸಮಿತಿಯ ವಕೀಲರು ಉಚಿತ.