ಅರ್ಜಿಯ ‘ದೇಶ’ ಕಾಲಮ್ಮಿನಲ್ಲಿ ಏನು ಬರೆಯಲಿ?

ನೆಲಮಾಳಿಗೆ:
ಹನ್ನೊಂದು ವರ್ಷಗಳಿಂದ ಕೆನಡಾದ ಮಿಸಿಸಾಗಾದಲ್ಲಿದ್ದೇನೆ. ಹದಿನೆಂಟು ನಿಮಿಷದ ಕಿರುಚಿತ್ರವೊಂದನ್ನು ಮುಗಿಸಿದ್ದೇನೆ, ಮಾತೆಲ್ಲ ಕನ್ನಡ. ಅಜ್ಜಿಯ ಪಾತ್ರ ಮಾಡಿದವರು ಮಗಳ ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಬಂದಿದ್ದವರು. ಪಕ್ಕದ ಕೋಣೆಯಲ್ಲಿ ಮೊಮ್ಮಗು ಅತ್ತರೆ ಸಾಕು, ಕ್ಯಾಮೆರಾ ಓಡುತ್ತಿದ್ದರೂ ಎದ್ದು ನಡೆಯುತ್ತಿದ್ದರು. ಹಿತ್ತಲ ಬಾವಿ ಎಂದು ತೋರಿಸಿರುವುದು ನಮ್ಮ ನೆಲಮಾಳಿಗೆಯ ನೀರಿನ ಗುಂಡಿ. ಖರ್ಚೆಲ್ಲ ನನ್ನ ಸಂಬಳದ್ದೇ. ಈಗ ಚಿತ್ರೋತ್ಸವದ ಅರ್ಜಿಯಲ್ಲಿ ‘ದೇಶ’ ಎಂದಿದೆ. ಕೆನಡಾ ಎಂದರೆ ಅಜ್ಜಿ ನಗುತ್ತಾರೆ, ಭಾರತ ಎಂದರೆ ಸುಳ್ಳಾಗುತ್ತದೆ. ಮೂರು ದಿನಗಳಿಂದ ಖಾಲಿ ಬಿಟ್ಟಿದ್ದೇನೆ.

ಹಳೆಯ ರೀಲು:
ಕೆನಡಾ ಎಂದೇ ಬರೆಯಿರಿ. ನಿಮಗಿಂತ ಮೊದಲೇ ನಿರ್ದೇಶಕಿ ದೀಪಾ ಮೆಹ್ತಾ ಈ ಕಗ್ಗಂಟು ಬಿಡಿಸಿದ್ದಾರೆ. ಅಮೃತಸರದಲ್ಲಿ ಹುಟ್ಟಿ 1973ರಲ್ಲಿ ಕೆನಡಾಕ್ಕೆ ಹೋದವರು. 2000ದಲ್ಲಿ ವಿಧವೆಯರ ಕಥೆಯ ‘ವಾಟರ್’ ಚಿತ್ರೀಕರಣಕ್ಕೆ ಕಾಶಿಗೆ ಬಂದರೆ, ಗಲಭೆಕೋರರು ಸೆಟ್ಟನ್ನು ಪುಡಿಗಟ್ಟಿ ಗಂಗೆಗೆ ಎಸೆದರು. ಶಬಾನಾ ಆಜ್ಮಿ, ನಂದಿತಾ ದಾಸ್ ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡದ್ದೂ ವ್ಯರ್ಥವಾಯಿತು. ಕೆಲವು ವರ್ಷಗಳ ಮೇಲೆ ಬೇರೆ ತಾರೆಯರೊಂದಿಗೆ ಶ್ರೀಲಂಕಾದಲ್ಲಿ ಅದನ್ನೇ ತೆಗೆದರು. ಬಾಲವಿಧವೆಯಾಗಿ ನಟಿಸಿದ ಸಿಂಹಳದ ಹುಡುಗಿಗೆ ಹಿಂದಿ ಬಾರದು; ಮಾತುಗಳನ್ನು ಉರು ಹೊಡೆದು ಒಪ್ಪಿಸಿದಳು. ಕಥೆ 1938ರ ಭಾರತದ್ದು, ಮಾತು ಹಿಂದಿ, ನದಿ ಲಂಕೆಯದು. ಆಸ್ಕರ್‌ಗೆ ಕಳುಹಿಸಿದ್ದು ಮಾತ್ರ ಕೆನಡಾ! ಚಿತ್ರದ ಮಾತು ಕಳುಹಿಸುವ ದೇಶದ ಭಾಷೆಯಲ್ಲೇ ಇರಬೇಕೆಂಬ ನಿಯಮವನ್ನು 2006ರಲ್ಲಷ್ಟೇ ಸಡಿಲಿಸಿದ್ದರು. ವಿದೇಶಿ ಭಾಷಾ ವಿಭಾಗದ ಕೊನೆಯ ಐದರಲ್ಲಿ ಅದೂ ಇತ್ತು.

ಕಡಲೆಪುರಿ:
ಕಾಗದಕ್ಕೆ ಆ ಮಾತು ಸರಿ. ಆದರೆ ಬಾಲವಿಧವೆಯೊಬ್ಬಳ ಬದುಕು ತೋರಿಸಿದ ಪ್ರೇಮಾ ಕಾರಂತರ ಚಿತ್ರ ‘ಫಣಿಯಮ್ಮ’ ನೋಡಿ ಬೆಳೆದವಳಿಗೆ ‘ವಾಟರ್’ ಎಲ್ಲೋ ನುಣುಪು ಎನಿಸಿತು. ವಿಧವೆಯರ ಬಿಳಿ ಸೀರೆ ಕೂಡ ಚಿತ್ರಪಟದಂತೆ ಅಂದ. ಮಡಿ ಸೀರೆಯನ್ನು ಗಳುವಿಗೆ ಹಾಕಿ, ಕೋಲಿನಲ್ಲೇ ಇಳಿಸಿಕೊಳ್ಳುತ್ತಿದ್ದ ನನ್ನ ಅತ್ತಜ್ಜಿ ಅಲ್ಲೆಲ್ಲೂ ಕಾಣಲಿಲ್ಲ. ದೂರ ಹೋದವರಿಗೆ ಊರು ಚೆಂದವಾಗಿಬಿಡುತ್ತದೆಯೋ ಏನೋ.

ಹಳೆಯ ರೀಲು:
ದೀಪಾ ಕಾಶಿಗೇ ಬಂದಿದ್ದರಲ್ಲ, ಓಡಿಸಿದವರು ಯಾರು? ಚೆಂದವಾಯಿತೆಂಬ ದೂರನ್ನು ಆ ಓಡಿಸಿದವರ ಮುಂದೆಯೂ ಇಡಿ.

ಕಡಲೆಪುರಿ:
ಅದು ಒಪ್ಪಿದೆ. ನೆಲಮಾಳಿಗೆಯವರೇ, ಮಗು ಅತ್ತಾಗ ಅಜ್ಜಿ ಎದ್ದು ಹೋದದ್ದನ್ನು ಕತ್ತರಿಸಿಬಿಟ್ಟಿರಾ?

ನೆಲಮಾಳಿಗೆ:
ಒಂದು ಸಲದ್ದನ್ನು ಉಳಿಸಿದ್ದೇನೆ. ಖಾಲಿ ಕುರ್ಚಿ, ಒಳಗಿನಿಂದ ‘ಬಂದೆ, ಬಂದೆ ಪುಟ್ಟಾ’ ಎಂಬ ದನಿ, ಅಷ್ಟೇ. ಕೆನಡಾ ಎಂದೇ ತುಂಬಿದೆ. ಮುಂದಿನ ಕಾಲಮ್ ‘ಭಾಷೆ’. ಚಿತ್ರೋತ್ಸವದವರು ಕೊಟ್ಟ ಪಟ್ಟಿಯಲ್ಲಿ ಕನ್ನಡವೇ ಇಲ್ಲ, ‘ಇತರೆ’ ಇದೆ. ಅವರಿಗೊಂದು ಪತ್ರ ಬರೆಯುತ್ತಿದ್ದೇನೆ.